ಅದೇ ಚಾಕೊಲೇಟ್, ದೇಶಕ್ಕೊಂದು ಹೆಸರು: ಬಾಲ್ಯದ ಮಿಠಾಯಿಗಳ ಜಗಳ ಬಗೆಹರಿಸಿಕೊಡಿ

ಪಾಟಿಚೀಲ
ಆಫೀಸಿನಲ್ಲಿ ಒಂದು ಜಗಳ ಹತ್ತಿಕೊಂಡಿದೆ. ನಮ್ಮ ಟೀಮಿನಲ್ಲಿ ಇಂಗ್ಲೆಂಡಿನವರೊಬ್ಬರು, ಜರ್ಮನಿಯ ಹುಡುಗಿ ಒಬ್ಬಳು, ಅಮೆರಿಕದವನು ಒಬ್ಬ ಇದ್ದಾರೆ. ಮೊನ್ನೆ ಯಾರೋ ಚಾಕೊಲೇಟ್ ಡಬ್ಬಿ ತಂದಿಟ್ಟರು. ಇಂಗ್ಲೆಂಡಿನವರು ಸ್ನಿಕರ್ಸ್ ಎತ್ತಿಕೊಂಡು ‘ಇದು ಮ್ಯಾರಥಾನ್, ಸಾಯೋವರೆಗೂ ನಾನು ಹಾಗೇ ಕರೆಯೋದು’ ಅಂದರು. ಜರ್ಮನಿಯವಳು ಟ್ವಿಕ್ಸ್ ಹಿಡಿದು ‘ಇದು ರೈಡರ್, ನಮ್ಮಮ್ಮ ಇನ್ನೂ ಹಾಗೇ ಅನ್ನೋದು’ ಅಂದಳು. ಅಮೆರಿಕದವನು ಇಬ್ಬರನ್ನೂ ನೋಡಿ ನಕ್ಕ. ಆಮೇಲೆ ಅವನೇ ಮಿಲ್ಕಿ ವೇ ಕಚ್ಚಿ ‘ಇದು ಮಿಲ್ಕಿ ವೇ ಅಲ್ಲವೇ ಅಲ್ಲ’ ಅಂತ ಮುಖ ಸಿಂಡರಿಸಿದ.

ನನ್ನ ಪ್ರಶ್ನೆ ಎರಡು. ಇಂಥವು ಇನ್ನೂ ಯಾವ್ಯಾವು ಇವೆ? ಹೆಸರು ಬದಲಾದ ಮೇಲೆ ರುಚಿಯೂ ಕೆಟ್ಟಿತು ಅಂತ ಎಲ್ಲರೂ ಹಟ ಹಿಡಿಯುತ್ತಾರಲ್ಲ, ಅದು ನಿಜವಾ? ಅಥವಾ ನಾಲಿಗೆಗೆ ವಯಸ್ಸಾಯಿತಾ?

ಚಿಲ್ಲರೆ
ಮೂವರೂ ಸರಿ. ಮ್ಯಾರಥಾನ್ ಬ್ರಿಟನ್, ಐರ್ಲೆಂಡ್‌ಗಳಲ್ಲಿ 1990ರಲ್ಲಿ ಸ್ನಿಕರ್ಸ್ ಆಯಿತು. ರೈಡರ್ ಮರುವರ್ಷ ಜರ್ಮನಿ, ಫ್ರಾನ್ಸ್ ಕಡೆ ಟ್ವಿಕ್ಸ್ ಆಯಿತು. ಎರಡೂ ಮಾರ್ಸ್ ಕಂಪನಿಯವೇ. ಪ್ರಪಂಚಕ್ಕೆಲ್ಲ ಒಂದೇ ಹೆಸರಾದರೆ ಒಂದೇ ಕವರ್, ಒಂದೇ ಜಾಹೀರಾತು. ಖರ್ಚು ಉಳಿಯಿತು. ಇದರಲ್ಲಿ ಭಾವನೆ ಗೀವನೆ ಏನೂ ಇಲ್ಲ.

ಗಾಳಿಪಟ
ಸ್ನಿಕರ್ಸ್ ಅನ್ನೋದು ಕುದುರೆಯ ಹೆಸರು ಗೊತ್ತಾ? ಮಾರ್ಸ್ ಕುಟುಂಬದವರು ಪ್ರೀತಿಯಿಂದ ಸಾಕಿದ್ದ ಕುದುರೆ. 1930ರಲ್ಲಿ ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ಬಂತು. ಬ್ರಿಟನ್ನಿನಲ್ಲಿ ನಿಕರ್ಸ್ ಅಂದರೆ ಹೆಂಗಸರ ಒಳಚಡ್ಡಿ. ಪ್ರಾಸ ಕೂಡುತ್ತೆ ಅಂತ ಹೆದರಿ ಅಲ್ಲಿಗೆ ಮ್ಯಾರಥಾನ್ ಅಂತ ಇಟ್ಟರು ಅನ್ನೋ ಮಾತಿದೆ.

ನಿದ್ದೆಗಣ್ಣು
ಕೊನೆಗೆ ಒಳಚಡ್ಡಿಯೇ ಗೆದ್ದಿತು ಅನ್ನಿ 😂

ಒಗ್ಗರಣೆ
ಓಪಲ್ ಫ್ರೂಟ್ಸ್ ಮರೆತುಬಿಟ್ಟಿರಲ್ಲ! ನಾನು ಇಂಗ್ಲೆಂಡಿನಲ್ಲಿ ಶಾಲೆಗೆ ಹೋದವಳು. ನಿಂಬೆ, ಕಿತ್ತಳೆ, ಸ್ಟ್ರಾಬೆರಿ, ಹಸಿರು ಲೈಮ್. ಒಂದೊಂದಕ್ಕೂ ಮೇಣದ ಕಾಗದ. ಕೋಟಿನ ಜೇಬಿನಲ್ಲಿ ಇಟ್ಟರೆ ಮೈಬಿಸಿಗೆ ಮೆತ್ತಗಾಗಿ ಕಾಗದ ಅಂಟಿಕೊಳ್ಳುತ್ತಿತ್ತು. ಉಗುರಿನಿಂದ ಮೂಲೆ ಕೀಳಲು ನೋಡಿ, ಆಗದೇ, ಕಾಗದ ಸಮೇತ ಬಾಯಿಗೆ ಹಾಕಿ, ಅಗಿಯುತ್ತಾ ಕಾಗದವನ್ನು ಮಾತ್ರ ಉಗಿಯುವುದು. ಅದೊಂದು ವಿದ್ಯೆ. 1998ರಲ್ಲಿ ಸ್ಟಾರ್‌ಬರ್ಸ್ಟ್ ಅಂತ ಮಾಡಿಬಿಟ್ಟರು. ಹಣ್ಣಿನ ಮಿಠಾಯಿಗೂ ನಕ್ಷತ್ರ ಸಿಡಿಯೋದಕ್ಕೂ ಏನು ಸಂಬಂಧ ಹೇಳಿ?

ಚಿಲ್ಲರೆ
@ಒಗ್ಗರಣೆ ಮೇಡಂ, ಓಪಲ್‌ಗೂ ಹಣ್ಣಿಗೂ ಏನು ಸಂಬಂಧ? ಅದು ಕಲ್ಲು.

ಒಗ್ಗರಣೆ
ಮಿರಮಿರ ಮಿಂಚೋ ಕಲ್ಲು. ಬಣ್ಣ ಬಣ್ಣದ ಮಿಠಾಯಿ. ಅಷ್ಟೂ ಹೊಳೆಯಲ್ವಾ ನಿಮಗೆ?

ಮಂಡಕ್ಕಿ
ಜರ್ಮನಿಯಿಂದ ಬರೆಯುತ್ತಿದ್ದೇನೆ. ರೈಡರ್ ಹೆಸರು ಬದಲಿಸುವಾಗ ಇಲ್ಲಿ ಒಂದು ಜಾಹೀರಾತು ಬಂದಿತ್ತಂತೆ. ‘ರೈಡರ್ ಈಗ ಟ್ವಿಕ್ಸ್, ಬೇರೆ ಏನೂ ಬದಲಾಗಿಲ್ಲ’ ಅನ್ನೋ ಅರ್ಥದ್ದು. ಜರ್ಮನ್ ಭಾಷೆಯಲ್ಲಿ ಟ್ವಿಕ್ಸ್‌ಗೆ ‘ನಿಕ್ಸ್’ (ಏನೂ ಇಲ್ಲ) ಅಂತ ಪ್ರಾಸ. ಅದು ಈಗ ಗಾದೆಯೇ ಆಗಿಬಿಟ್ಟಿದೆ. ಆಫೀಸಿನಲ್ಲಿ ಒಂದು ವಿಭಾಗದ ಹೆಸರು ಬದಲಿಸಿ, ಅದೇ ಜನ ಅದೇ ಕುರ್ಚಿಯಲ್ಲಿ ಕೂತಿದ್ದರೆ ಯಾರಾದರೊಬ್ಬರು ‘ರೈಡರ್ ಈಗ ಟ್ವಿಕ್ಸ್’ ಅಂದೇ ಅನ್ನುತ್ತಾರೆ. ರೈಡರ್ ಕವರ್ ಕಣ್ಣಲ್ಲಿ ನೋಡದ ಹುಡುಗರೂ ಹೇಳುತ್ತಾರೆ. ಚಾಕೊಲೇಟಿನ ಹೆಸರು ಹೋಯಿತು, ಜಾಹೀರಾತು ಉಳಿಯಿತು.

ಕುಂಟೆಬಿಲ್ಲೆ
ಅಮೆರಿಕದಲ್ಲೂ ಮ್ಯಾರಥಾನ್ ಅಂತ ಒಂದಿತ್ತು. ಅದಕ್ಕೂ ಬ್ರಿಟನ್ನಿನದಕ್ಕೂ ಸಂಬಂಧವೇ ಇಲ್ಲ. ಕ್ಯಾರಮೆಲ್ಲನ್ನು ಜಡೆ ಹೆಣೆದು ಮೇಲೆ ಚಾಕೊಲೇಟ್ ಬಳಿದದ್ದು. ಎಂಟು ಇಂಚು ಉದ್ದ, ಕವರಿನ ಹಿಂದೆ ಅಳತೆಪಟ್ಟಿ ಅಚ್ಚು ಹಾಕಿರುತ್ತಿದ್ದರು. 1973ರಲ್ಲಿ ಬಂದು 1981ರಲ್ಲಿ ನಿಂತಿತು. ಅಂದರೆ ಆ ವರ್ಷಗಳಲ್ಲಿ ಇಬ್ಬರು ಮಕ್ಕಳು ಫೋನಿನಲ್ಲಿ ‘ಮ್ಯಾರಥಾನ್ ತಿಂದೆ’ ಅಂತ ಹೇಳಿಕೊಂಡಿದ್ದರೆ ಬೇರೆ ಬೇರೆ ತಿಂಡಿ ತಿಂದಿರುತ್ತಿದ್ದರು.

ಹಲ್ಲುನೋವು
ಮಿಲ್ಕಿ ವೇ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇದು ಎಲ್ಲಕ್ಕಿಂತ ಗೋಜಲು, ನಿಧಾನವಾಗಿ ಓದಿ.

ಅಮೆರಿಕದ ಮಿಲ್ಕಿ ವೇ 1923ರದ್ದು. ಅಡ್ಡ ಕತ್ತರಿಸಿದರೆ ಕೆಳಗೆ ಮೃದು ನುಗಾ (ಸಕ್ಕರೆ, ಮೊಟ್ಟೆ ಬಿಳಿ ಕಡೆದು ಮಾಡಿದ ಮೆತ್ತನೆ ಹೂರಣ), ಮೇಲೊಂದು ಪದರ ಕ್ಯಾರಮೆಲ್. ಮಾರ್ಸ್ ಕುಟುಂಬದ ಫಾರೆಸ್ಟ್ ಮಾರ್ಸ್ ಇಂಗ್ಲೆಂಡಿನ ಸ್ಲೌ ಊರಿಗೆ ಬಂದು 1932ರಲ್ಲಿ ಅದೇ ಬಗೆಯದನ್ನು ಸ್ವಲ್ಪ ಬದಲಿಸಿ ‘ಮಾರ್ಸ್’ ಅಂತ ಮಾಡಿದರು. ಆಮೇಲೆ ಬ್ರಿಟನ್ನಿನಲ್ಲಿ ‘ಮಿಲ್ಕಿ ವೇ’ ಅಂತ ಬಂದದ್ದು ಬೇರೆಯೇ. ಅದರಲ್ಲಿ ಕ್ಯಾರಮೆಲ್ ಇಲ್ಲ, ಬರೀ ಹಗುರ ನುಗಾ. ಅದಕ್ಕೆ ಹತ್ತಿರದ್ದು ಅಮೆರಿಕದಲ್ಲಿ ‘ತ್ರೀ ಮಸ್ಕೆಟಿಯರ್ಸ್’.

ಅಂದರೆ ಅಮೆರಿಕದ ಮಿಲ್ಕಿ ವೇ ಬ್ರಿಟನ್ನಿನ ಮಾರ್ಸ್. ಬ್ರಿಟನ್ನಿನ ಮಿಲ್ಕಿ ವೇ ಅಮೆರಿಕದ ತ್ರೀ ಮಸ್ಕೆಟಿಯರ್ಸ್. ಅಮೆರಿಕದಲ್ಲಿ ಮಾರ್ಸ್ ಅಂತಲೂ ಒಂದಿತ್ತು, ಅದರಲ್ಲಿ ಬಾದಾಮಿ. ಅದು ನಿಂತ ಮೇಲೆ ಅಂಥದ್ದೇ ಬಾದಾಮಿ ಸ್ನಿಕರ್ಸ್ ಬಂತು. ಪಾಟಿಚೀಲ ಅವರೇ, ನಿಮ್ಮ ಅಮೆರಿಕದವನು ಮುಖ ಸಿಂಡರಿಸಿದ್ದು ಕ್ಯಾರಮೆಲ್ ಸಿಗಲಿಲ್ಲ ಅಂತ.

ಗಾಳಿಪಟ
ತ್ರೀ ಮಸ್ಕೆಟಿಯರ್ಸ್ ಅಂದರೆ ಮೂರು ಯಾಕೆ ಅಂದರೆ ಮೊದಲು ಒಂದೇ ಪೊಟ್ಟಣದಲ್ಲಿ ಮೂರು ತುಂಡು ಇರುತ್ತಿತ್ತು. ಚಾಕೊಲೇಟ್, ವೆನಿಲಾ, ಸ್ಟ್ರಾಬೆರಿ. ಆಮೇಲೆ ಒಂದೇ ಉಳಿಯಿತು, ಹೆಸರು ಮಾತ್ರ ಮೂವರದ್ದು.

ನಿದ್ದೆಗಣ್ಣು
ಹಲ್ಲುನೋವು ಸಾರ್ ಬರೆದದ್ದು ಎರಡು ಸಲ ಓದಿದೆ. ಈಗ ನನಗೆ ತಲೆನೋವು.

ಬೆಲ್ಲದಚ್ಚು
ಸ್ಮಾರ್ಟೀಸ್ ಬಗ್ಗೆ ನಾನು ಹೇಳುತ್ತೇನೆ. ನಾವಿರುವುದು ಕೆನಡಾದಲ್ಲಿ. ಇಲ್ಲಿ ಸ್ಮಾರ್ಟೀಸ್ ಅಂದರೆ ಬ್ರಿಟನ್ನಿನ ಥರ, ಒಳಗೆ ಚಾಕೊಲೇಟ್, ಮೇಲೆ ಬಣ್ಣದ ಸಕ್ಕರೆ ಚಿಪ್ಪು. ಗಡಿ ದಾಟಿ ಅಮೆರಿಕಕ್ಕೆ ಹೋದರೆ ಸ್ಮಾರ್ಟೀಸ್ ಅಂದರೆ ಹುಳಿ ಸಿಹಿ ಪುಡಿ ಗುಳಿಗೆ, ಪಾರದರ್ಶಕ ಕಾಗದದಲ್ಲಿ ಸಾಲಾಗಿ ಜೋಡಿಸಿ ಎರಡೂ ಕಡೆ ತಿರುಚಿದ್ದು. ಅದೇ ಗುಳಿಗೆ ಕೆನಡಾಕ್ಕೆ ಬಂದರೆ ‘ರಾಕೆಟ್ಸ್’. ಹೆಸರು ಮೊದಲೇ ಚಾಕೊಲೇಟಿನವರ ಕೈಲಿತ್ತಲ್ಲ, ಅದಕ್ಕೆ. ಅತ್ತೆ ಮಗಳು ಅಮೆರಿಕದಿಂದ ಬಂದಾಗ ‘ಸ್ಮಾರ್ಟೀಸ್ ಇದೆ ಬಾ’ ಅಂತ ಕರೆದೆ. ಡಬ್ಬಿ ನೋಡಿ ‘ಇದು ಎಮ್ ಅಂಡ್ ಎಮ್ಸ್ ಅಲ್ವಾ’ ಅಂದಳು.

ಒಗ್ಗರಣೆ
ಸ್ಮಾರ್ಟೀಸ್ ಅಂದರೆ ನನಗೆ ಮೊದಲು ನೆನಪಾಗೋದು ಡಬ್ಬಿ. ದುಂಡನೆಯ ರಟ್ಟಿನ ಕೊಳವೆ. ಅದಕ್ಕೊಂದು ಪ್ಲಾಸ್ಟಿಕ್ ಮುಚ್ಚಳ, ಹೆಬ್ಬೆರಳಿನಿಂದ ಒತ್ತಿದರೆ ಟಪ್ ಅಂತ ಹಾರಿ ಬೀಳುತ್ತಿತ್ತು. ಮುಚ್ಚಳ ತಿರುಗಿಸಿದರೆ ಒಳಗಡೆ ಒಂದು ಅಕ್ಷರ. ನಮ್ಮ ಹೆಸರಿನ ಅಕ್ಷರ ಕೂಡಿಸಬೇಕು ಅಂತ ಶಾಲೆಯಲ್ಲಿ ವ್ಯಾಪಾರವೇ ನಡೆಯುತ್ತಿತ್ತು. 2005ರಲ್ಲಿ ಆರು ಮೂಲೆಯ ರಟ್ಟಿನ ಡಬ್ಬಿ ಮಾಡಿ ಮುಚ್ಚಳ ತೆಗೆದೇಬಿಟ್ಟರು. ಮರುವರ್ಷ ನೀಲಿ ಗುಂಡನ್ನೂ ತೆಗೆದರು, ಕೃತಕ ಬಣ್ಣ ಬೇಡ ಅಂತ. 2008ರಲ್ಲಿ ಸ್ಪಿರುಲಿನಾ ಪಾಚಿಯಿಂದ ನೀಲಿ ಬಣ್ಣ ತಂದು ಮತ್ತೆ ಸೇರಿಸಿದರು.

ಕಾಗೆಎಂಜಲು
ಪಾಚಿ ತಿನ್ನಿಸಿದರಾ!

ಬೆಲ್ಲದಚ್ಚು
ಪಾಚಿ ಆರೋಗ್ಯಕ್ಕೆ ಒಳ್ಳೇದು ಅಂತ ಮಾತ್ರೆ ಮಾಡಿ ಮಾರುತ್ತಾರೆ. ನೀವು ಸುಮ್ನೆ ತಿನ್ನಿ.

ಮಳೆಹುಳು
ಎಲ್ಲರೂ ಕಂಪನಿ ಚಾಕೊಲೇಟಿನ ಹಿಂದೆ ಬಿದ್ದಿದ್ದೀರಿ. ಹೆಸರಿನ ಮಜಾ ಇರೋದು ಬೊಂಬಾಯಿ ಮಿಠಾಯಿಯಲ್ಲಿ. ಯಾರ ಟ್ರೇಡ್‌ಮಾರ್ಕೂ ಇಲ್ಲ, ಒಂದೊಂದು ದೇಶದವರು ತಮಗೆ ಕಂಡ ಹಾಗೆ ಕರೆದರು. ಬ್ರಿಟನ್ನಿನಲ್ಲಿ ಕ್ಯಾಂಡಿ ಫ್ಲಾಸ್, ಅಮೆರಿಕದಲ್ಲಿ ಕಾಟನ್ ಕ್ಯಾಂಡಿ, ಆಸ್ಟ್ರೇಲಿಯಾದಲ್ಲಿ ಫೇರಿ ಫ್ಲಾಸ್. ಫ್ರಾನ್ಸಿನಲ್ಲಿ ‘ಅಪ್ಪನ ಗಡ್ಡ’. ಗ್ರೀಸಿನಲ್ಲಿ ‘ಮುದುಕಿಯ ಕೂದಲು’. ಹಿಂದಿಯಲ್ಲೂ ಅದೇ, ಬುಡ್ಢೀ ಕೇ ಬಾಲ್. ಇಸ್ರೇಲಿನಲ್ಲಿ ‘ಅಜ್ಜಿಯ ಕೂದಲು’. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ‘ದೆವ್ವದ ಉಸಿರು’!

ನನ್ನ ಮತ ದೆವ್ವಕ್ಕೆ. ಬಾಯಿಗಿಟ್ಟರೆ ಮಾಯ ಆಗೋದಕ್ಕೆ ಅದಕ್ಕಿಂತ ಒಳ್ಳೆ ಹೆಸರು ಇಲ್ಲ.

ನಿದ್ದೆಗಣ್ಣು
ಅಪ್ಪನ ಗಡ್ಡ ತಿನ್ನೋದಾ? ಛೀ.

ಮಂಡಕ್ಕಿ
ಜರ್ಮನಿಯಲ್ಲಿ ‘ಸಕ್ಕರೆ ಹತ್ತಿ’. ಇವರಿಂದ ಇನ್ನೇನು ನಿರೀಕ್ಷೆ ಮಾಡ್ತೀರಿ.

ಹಲ್ಲುನೋವು
ಇದರಲ್ಲಿ ನಮ್ಮ ಕಸುಬಿನವರ ಕೈವಾಡ ಇದೆ. ನಾನು ಹಲ್ಲಿನ ಡಾಕ್ಟರ್, ಹಾಗಾಗಿ ಈ ಕಥೆ ಹೇಳಲೇಬೇಕು. 1897ರಲ್ಲಿ ಬೊಂಬಾಯಿ ಮಿಠಾಯಿ ಯಂತ್ರ ಕಂಡುಹಿಡಿದವರಲ್ಲಿ ಒಬ್ಬರು ವಿಲಿಯಂ ಮಾರಿಸನ್, ಅಮೆರಿಕದ ಟೆನೆಸ್ಸಿಯ ದಂತವೈದ್ಯರು! ಜೊತೆಗಿದ್ದವರು ಮಿಠಾಯಿ ಮಾಡುವ ಜಾನ್ ವಾರ್ಟನ್. ನಡುವಿನ ಬಟ್ಟಲಿನಲ್ಲಿ ಸಕ್ಕರೆ ಕರಗುತ್ತೆ, ಬಟ್ಟಲು ಗಿರಗಿರ ತಿರುಗುತ್ತೆ, ಸಣ್ಣ ತೂತುಗಳಿಂದ ಪಾಕ ಹೊರಗೆ ಚಿಮ್ಮುತ್ತೆ. ಗಾಳಿಗೆ ತಾಗಿದ ತಕ್ಷಣ ಆರಿ ಎಳೆಯಾಗುತ್ತೆ. 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಪೆಟ್ಟಿಗೆಗೆ 25 ಸೆಂಟಿನಂತೆ 68,655 ಪೆಟ್ಟಿಗೆ ಮಾರಿದರು. ಆಗ ಇಟ್ಟ ಹೆಸರು ಫೇರಿ ಫ್ಲಾಸ್. ಕಾಟನ್ ಕ್ಯಾಂಡಿ ಅನ್ನೋದು 1920ರ ದಶಕದಲ್ಲಿ ಬಂತು. ಹೆಸರು ಹುಟ್ಟಿದ ದೇಶ ಅದನ್ನು ಬಿಟ್ಟುಬಿಟ್ಟಿತು, ಆಸ್ಟ್ರೇಲಿಯಾ ಹಿಡಿದುಕೊಂಡಿತು.

ಚಿಲ್ಲರೆ
ಹಲ್ಲಿನ ಡಾಕ್ಟರು ಸಕ್ಕರೆ ಯಂತ್ರ ಮಾಡಿದ್ದು. ಗಿರಾಕಿಗಳನ್ನು ಹುಟ್ಟಿಸುವ ಉಪಾಯ ಇದು.

ಪಾಟಿಚೀಲ
ಮಜಾ ಇದೆ, ಮುಂದುವರಿಸಿ. ಆದರೆ ರುಚಿಯ ಪ್ರಶ್ನೆ ಹಾಗೇ ಉಳಿಯಿತು.

ಚಿಲ್ಲರೆ
ರುಚಿ ಬದಲಾಗಿಲ್ಲ. ಮಗು ಆಗಿದ್ದಾಗ ವಾರಕ್ಕೊಂದು ಸಿಗುತ್ತಿತ್ತು, ಈಗ ಬೇಕಾದಾಗ ಕೊಂಡು ತಿನ್ನಬಹುದು. ಅಷ್ಟೇ ವ್ಯತ್ಯಾಸ.

ಕುಂಟೆಬಿಲ್ಲೆ
ಒಪ್ಪಲ್ಲ. ಕಾಲದಿಂದ ಕಾಲಕ್ಕೆ ಬದಲಾಯಿತೋ ಇಲ್ಲವೋ, ದೇಶದಿಂದ ದೇಶಕ್ಕೆ ಖಂಡಿತ ಬೇರೆ. ಕಾನೂನೇ ಬೇರೆ. ಯುರೋಪಿನ ನಿಯಮದಲ್ಲಿ ಮಿಲ್ಕ್ ಚಾಕೊಲೇಟ್ ಅಂತ ಬರೆಯಬೇಕಾದರೆ ಕನಿಷ್ಠ ಶೇ. 25 ಕೋಕೋ ಅಂಶ ಬೇಕು. ಐರ್ಲೆಂಡಿಗೆ ವಿನಾಯಿತಿ, ಅಲ್ಲೂ ಬ್ರಿಟನ್ನಿನಲ್ಲೂ ಹಾಲು ಜಾಸ್ತಿ ಇದ್ದರೆ ಶೇ. 20 ಸಾಕು. ಅಮೆರಿಕದಲ್ಲಿ ಲೆಕ್ಕ ಹಾಕುವ ರೀತಿಯೇ ಬೇರೆ, ಅಲ್ಲಿ ಶೇ. 10 ಇದ್ದರೆ ಆಯಿತು. ಕವರಿನ ಮೇಲೆ ಒಂದೇ ಹೆಸರು, ಒಳಗಿನ ಹಿಟ್ಟು ಬೇರೆ.

ಕಿಟ್ ಕ್ಯಾಟ್ ತಗೊಳ್ಳಿ. ಬ್ರಿಟನ್ನಿನ ರೌಂಟ್ರೀಸ್ ಕಂಪನಿ 1935ರಲ್ಲಿ ‘ಚಾಕೊಲೇಟ್ ಕ್ರಿಸ್ಪ್’ ಅಂತ ತಂದದ್ದು, ಎರಡು ವರ್ಷದ ನಂತರ ಕಿಟ್ ಕ್ಯಾಟ್ ಆಯಿತು. ಈಗ ಅಮೆರಿಕದಲ್ಲಿ ಹರ್ಷೀಸ್ ಮಾಡುತ್ತೆ, ಉಳಿದ ಕಡೆ ನೆಸ್ಲೆ. ಎರಡನ್ನೂ ಅಕ್ಕಪಕ್ಕ ಇಟ್ಟು ತಿಂದು ನೋಡಿ. ಕಣ್ಣು ಮುಚ್ಚಿ ಹೇಳಬಹುದು.

ಬೆಲ್ಲದಚ್ಚು
ಅಮೆರಿಕದ ಚಾಕೊಲೇಟಿಗೆ ಒಂಥರಾ ಹುಳಿ ವಾಸನೆ ಬರುತ್ತಲ್ಲ, ಯಾಕೆ?

ಕುಂಟೆಬಿಲ್ಲೆ
ಹಾಲಿನ ಕೊಬ್ಬು ಸ್ವಲ್ಪ ಒಡೆದು ಬ್ಯುಟಿರಿಕ್ ಆಸಿಡ್ ಬರುತ್ತೆ ಅಂತಾರೆ. ಪಾರ್ಮೆಸಾನ್ ಚೀಸಿನಲ್ಲೂ ಅದೇ ಇರೋದು. ಅಲ್ಲಿ ಬೆಳೆದ ಮಕ್ಕಳಿಗೆ ಅದೇ ಚಾಕೊಲೇಟಿನ ಪರಿಮಳ, ಯುರೋಪಿನವರಿಗೆ ವಾಂತಿಯ ವಾಸನೆ. ಎರಡೂ ಮೂಗು ಸುಳ್ಳು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಯಾವುದಕ್ಕೆ ಪಳಗಿದೆಯೋ ಅದು.

ಮಂಡಕ್ಕಿ
ಚಾಕೊಲೇಟ್ ಅನ್ನೋ ಪದಕ್ಕೇ ಯುರೋಪಿನಲ್ಲಿ ಸುಮಾರು 30 ವರ್ಷ ಜಗಳ ಆಗಿದೆ. ಬ್ರಿಟನ್ನಿನ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆ ಬೇರೆ ಎಣ್ಣೆಕೊಬ್ಬೂ ಸ್ವಲ್ಪ ಇರುತ್ತಿತ್ತು. ಇಟಲಿ, ಸ್ಪೇನ್ ದೇಶದವರು ‘ಇದನ್ನು ಚಾಕೊಲೇಟ್ ಅಂತ ಮಾರಬೇಡಿ, ಚಾಕೊಲೇಟ್ ಬದಲಿ ಅಂತ ಬರೆಯಿರಿ’ ಅಂದರು. 2003ರಲ್ಲಿ ಯುರೋಪಿನ ನ್ಯಾಯಾಲಯ ಬ್ರಿಟನ್ ಪರವಾಗಿ ತೀರ್ಪು ಕೊಟ್ಟಿತು. ಶೇ. 5ರವರೆಗೆ ಬೇರೆ ಕೊಬ್ಬು ಹಾಕಬಹುದು, ಕವರಿನ ಮೇಲೆ ತಿಳಿಸಬೇಕು ಅಷ್ಟೇ.

ಕಾಗೆಎಂಜಲು
ಕೋಕೋ ಹುಡುಕಿದರೂ ಸಿಗದ ಪೆಪ್ಪರಮಿಂಟನ್ನೂ ನಾವು ಚಾಕ್ಲೇಟ್ ಅಂತಲೇ ಕರೆಯೋದು. ನಮ್ಮ ಮೇಲೆ ಯಾವ ಕೋರ್ಟಿನಲ್ಲಿ ಕೇಸ್ ಹಾಕುತ್ತಾರೋ ನೋಡೋಣ.

ಒಗ್ಗರಣೆ
😂😂 ಕಾಗೆ ಎಂಜಲು ಮಾಡಿ ಹಂಚಿಕೊಂಡವರಿಗೆ ಶೇಕಡಾ ಲೆಕ್ಕ ಯಾಕೆ ಬೇಕು. ಅಂಗಿಯ ತುದಿಯಲ್ಲಿ ಸುತ್ತಿ ಕಚ್ಚಿದರೆ ಮುಗೀತು, ಎಂಜಲಲ್ಲ.

ದಾರದುಂಡೆ
ತಡವಾಗಿ ಬಂದೆ. ಹೆಸರು ಬದಲಿಸೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಕಂಪನಿಯವರು ತಮ್ಮ ಅನುಕೂಲಕ್ಕೆ ಜನರ ನೆನಪು ಅಳಿಸುತ್ತಾರೆ. ಯಾರಿಗೂ ತೊಂದರೆ ಇಲ್ಲದ ಹೆಸರನ್ನು ಯಾಕೆ ಮುಟ್ಟಬೇಕು?

ಮಂಡಕ್ಕಿ
ತೊಂದರೆ ಇಲ್ಲದ ಹೆಸರಾದರೆ ಸರಿ. ಇಲ್ಲಿ ಬಿಸ್ಕತ್ತಿನ ಬಿಲ್ಲೆ ಮೇಲೆ ಮೊಟ್ಟೆ ಬಿಳಿಯ ನೊರೆ ಇಟ್ಟು ಚಾಕೊಲೇಟ್ ಹೊದಿಸಿದ ಒಂದು ಮಿಠಾಯಿ ಇದೆ. ಅದರ ಹಳೆಯ ಹೆಸರಿನಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದ ಇತ್ತು. ಈಗ ಶೋಕೋಕುಸ್, ‘ಚಾಕೊಲೇಟ್ ಮುತ್ತು’. ಡೆನ್ಮಾರ್ಕಿನಲ್ಲೂ ಹಾಗೇ ಆಯಿತು. ನಮ್ಮ ಕಟ್ಟಡದ ಒಬ್ಬರು ಅಜ್ಜ ಇನ್ನೂ ಹಳೆಯ ಹೆಸರೇ ಹೇಳುತ್ತಾರೆ, ‘ಚಿಕ್ಕಂದಿನ ಅಭ್ಯಾಸ’ ಅಂತ. ಎದುರು ಮನೆಯ ಘಾನಾದ ಮಗು ಕೇಳಿಸಿಕೊಂಡು ನಿಂತಿರುತ್ತೆ. ಅದಕ್ಕೂ ಚಿಕ್ಕಂದು ಅಂತ ಒಂದಿದೆಯಲ್ವಾ?

ಮಳೆಹುಳು
ಆಸ್ಟ್ರೇಲಿಯಾದಲ್ಲೂ 2020ರಲ್ಲಿ ಇದೇ ಚರ್ಚೆ. ರೆಡ್‌ಸ್ಕಿನ್ಸ್ ಅನ್ನೋ ಮಿಠಾಯಿ ರೆಡ್ ರಿಪ್ಪರ್ಸ್ ಆಯಿತು, ಚೀಕೋಸ್ ಅನ್ನೋದು ಚೀಕೀಸ್ ಆಯಿತು. ಮೊದಲಿನದು ಅಮೆರಿಕದ ಮೂಲನಿವಾಸಿಗಳಿಗೆ ಬೈಗುಳ. ಅಂಟು ಅದೇ, ಬಣ್ಣ ಅದೇ. ಮಕ್ಕಳು ಒಂದು ವಾರದಲ್ಲಿ ಹೊಸ ಹೆಸರು ಕಲಿತರು, ದೊಡ್ಡವರು ಇನ್ನೂ ಕೂಗಾಡುತ್ತಿದ್ದಾರೆ.

ದಾರದುಂಡೆ
ನಾನು ಹೇಳಿದ್ದು ಮ್ಯಾರಥಾನ್ ಬಗ್ಗೆ. ನೀವು ಎಲ್ಲಿಗೋ ಎಳೆದುಕೊಂಡು ಹೋದಿರಿ.

ಮಂಡಕ್ಕಿ
‘ಹೆಸರು ಬದಲಿಸೋದೇ ತಪ್ಪು’ ಅಂತ ಬರೆದವರು ನೀವು. ಮೇಲೆ ಇದೆ, ನೋಡಿ.

ಗಾಳಿಪಟ
ಇಬ್ಬರೂ ಸ್ವಲ್ಪ ತಣ್ಣಗಾಗಿ. ತಣ್ಣಗೆ ಅಂದ ಮೇಲೆ ಐಸ್‌ಕ್ರೀಮ್ ನೆನಪಾಯಿತು. ಯೂನಿಲಿವರ್ ಕಂಪನಿ ಮಾಡಿದ್ದು ತದ್ವಿರುದ್ಧ. ಕೆಂಪು ಹೃದಯದ ಗುರುತು ಎಲ್ಲ ಕಡೆ ಒಂದೇ, ಹೆಸರು ಮಾತ್ರ ದೇಶಕ್ಕೊಂದು. ಬ್ರಿಟನ್ನಿನಲ್ಲಿ ವಾಲ್ಸ್, ಐರ್ಲೆಂಡಿನಲ್ಲಿ ಎಚ್‌ಬಿ, ಜರ್ಮನಿಯಲ್ಲಿ ಲಾಂಗ್ನೇಸೆ, ಇಟಲಿ ಟರ್ಕಿಗಳಲ್ಲಿ ಅಲ್ಜಿದಾ, ಸ್ಪೇನಿನಲ್ಲಿ ಫ್ರಿಗೋ, ಬ್ರೆಜಿಲಿನಲ್ಲಿ ಕಿಬೋನ್, ಆಸ್ಟ್ರೇಲಿಯಾದಲ್ಲಿ ಸ್ಟ್ರೀಟ್ಸ್, ಭಾರತದಲ್ಲಿ ಕ್ವಾಲಿಟಿ ವಾಲ್ಸ್. ಆಯಾ ದೇಶದ ಕಂಪನಿಗಳನ್ನು ಕೊಂಡುಕೊಂಡರು, ಹೆಸರು ಹಾಗೇ ಬಿಟ್ಟರು. ಎಲ್ಲರಿಗೂ ತಮ್ಮ ಬಾಲ್ಯದ ಐಸ್‌ಕ್ರೀಮ್ ತಮ್ಮದೇ ದೇಶದ್ದು ಅನ್ನೋ ಭ್ರಮೆ ಉಳಿಯಿತು. ಮಾರ್ಸ್‌ನವರಿಗೆ ಈ ಬುದ್ಧಿ ಬರಲಿಲ್ಲ.

ಚಿಲ್ಲರೆ
ಬುದ್ಧಿಯ ಪ್ರಶ್ನೆ ಅಲ್ಲ. ಐಸ್‌ಕ್ರೀಮ್ ಗಡಿ ದಾಟಿದರೆ ಕರಗುತ್ತೆ, ಅಲ್ಲಲ್ಲೇ ಮಾಡಿ ಅಲ್ಲಲ್ಲೇ ಮಾರಬೇಕು. ಚಾಕೊಲೇಟ್ ಹಾಗಲ್ಲ, ವಿಮಾನ ನಿಲ್ದಾಣದಲ್ಲಿ ರಾಶಿ ಬಿದ್ದಿರುತ್ತೆ. ಅಲ್ಲಿ ಎರಡು ಹೆಸರಿದ್ದರೆ ಗಿರಾಕಿಗೆ ಗೊಂದಲ. ಆದರೂ ಮಾರ್ಸ್‌ನವರೇ ಬ್ರಿಟನ್ನಿನಲ್ಲಿ, ಭಾರತದಲ್ಲಿ ಗ್ಯಾಲಕ್ಸಿ ಅಂತಲೂ ಅಮೆರಿಕದಲ್ಲಿ, ಚೀನಾದಲ್ಲಿ ಡವ್ ಅಂತಲೂ ಮಾರುತ್ತಾರೆ.

ನಿದ್ದೆಗಣ್ಣು
ಡವ್ ಸೋಪು ಅಲ್ವಾ???

ಚಿಲ್ಲರೆ
ಸೋಪು ಯೂನಿಲಿವರ್‌ದು. ಚಾಕೊಲೇಟ್ ಮಾರ್ಸ್‌ದು. ತಿನ್ನುವ ಮೊದಲು ಕವರ್ ಓದಿ.

ಬೆಲ್ಲದಚ್ಚು
ಸಿಗರೇಟು ಮಿಠಾಯಿ ಯಾರಿಗಾದರೂ ನೆನಪಿದೆಯಾ? ಬಿಳಿ ಸಕ್ಕರೆ ಕಡ್ಡಿ, ತುದಿಗೆ ಕೆಂಪು. ಬಾಯಲ್ಲಿಟ್ಟುಕೊಂಡು ದೊಡ್ಡವರ ಥರ ಹೊಗೆ ಬಿಡೋ ನಟನೆ. ಈಗ ಕೆನಡಾದಲ್ಲಿ, ಬ್ರಿಟನ್ನಿನಲ್ಲಿ ಕೆಂಪು ತುದಿ ತೆಗೆದು ‘ಕ್ಯಾಂಡಿ ಸ್ಟಿಕ್ಸ್’ ಅಂತ ಮಾರುತ್ತಾರೆ. ಕೆಲವು ದೇಶಗಳಲ್ಲಿ ಪೂರ್ತಿ ನಿಷೇಧ. 2003ರ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದಲ್ಲೇ ತಂಬಾಕಿನ ಆಕಾರದ ಮಿಠಾಯಿ ಮಕ್ಕಳನ್ನು ಸೆಳೆಯುತ್ತೆ, ತಡೆಯಿರಿ ಅಂತ ಇದೆ. ಈ ಬದಲಾವಣೆಗೆ ದಾರದುಂಡೆ ಅಣ್ಣನೂ ಒಪ್ಪುತ್ತಾರೆ ಅಂದುಕೊಳ್ಳುತ್ತೇನೆ.

ದಾರದುಂಡೆ
ಒಪ್ಪಿದೆ. ನಾನು ಅದನ್ನು ತಿಂದೂ ಸಿಗರೇಟು ಸೇದಲಿಲ್ಲ, ಅದು ಬೇರೆ ಮಾತು.

ಕಾಗೆಎಂಜಲು
ಸಿಹಿಯ ಬಗ್ಗೆ ಇಷ್ಟು ಮಾತಾಯಿತು. ಫಿನ್‌ಲೆಂಡಿನ ಸಾಲ್ಮಿಯಾಕ್ಕಿ ಯಾರಾದರೂ ತಿಂದಿದ್ದೀರಾ? ಕಪ್ಪಗೆ, ವಜ್ರದ ಆಕಾರ. ಜೇಷ್ಠಮಧುವಿನ ಮಿಠಾಯಿಗೆ ಅಮೋನಿಯಂ ಕ್ಲೋರೈಡ್ ಹಾಕಿದ್ದು. ಸಹೋದ್ಯೋಗಿ ಪ್ರೀತಿಯಿಂದ ಕೊಟ್ಟ. ಮೊದಲು ಉಪ್ಪು, ಆಮೇಲೆ ಖಾರದ ಹಾಗೆ ಏನೋ ಮೂಗಿಗೆ ಹೊಡೆಯಿತು, ಕಣ್ಣಲ್ಲಿ ನೀರು. ಅವನು ಮಾತ್ರ ಒಂದರ ಹಿಂದೆ ಒಂದು ಬಾಯಿಗೆ ಹಾಕುತ್ತಾ ‘ನಮ್ಮಜ್ಜಿ ಮನೆ ನೆನಪಾಗುತ್ತೆ’ ಅಂತಿದ್ದ.

ಮಂಡಕ್ಕಿ
ನೆದರ್‌ಲೆಂಡಿನಲ್ಲಿ ಇದರ ಬಂಧು ಇದೆ, ‘ಡ್ರಾಪ್’ ಅಂತ. ಡಬಲ್ ಉಪ್ಪಿನದೂ ಸಿಗುತ್ತೆ. ಒಂದು ಸಲ ತಿಂದೆ. ಸಾಕು.

ನಿದ್ದೆಗಣ್ಣು
ಇದನ್ನು ಮಕ್ಕಳಿಗೆ ಕೊಡುತ್ತಾರಾ?

ಹಲ್ಲುನೋವು
ಕೊಡುತ್ತಾರೆ, ಮಕ್ಕಳು ಕೇಳಿ ತಿನ್ನುತ್ತಾರೆ. ನಮ್ಮ ಕ್ಲಿನಿಕ್ಕಿಗೆ ಬರುವ ಒಬ್ಬರು ಫಿನ್‌ಲೆಂಡಿನವರು ತಂದುಕೊಟ್ಟಿದ್ದರು, ನನಗೆ ಹುಚ್ಚು ಹಿಡಿಯಿತು. ಇಲ್ಲಿ ಯಾರಾದರೂ ಹೆಲ್ಸಿಂಕಿ ಕಡೆಯಿಂದ ಬರುವವರಿದ್ದರೆ ಮೆಸೇಜ್ ಮಾಡಿ. ಎರಡು ಪೊಟ್ಟಣ ಬೇಕು, ದುಡ್ಡು ಕೊಡುತ್ತೇನೆ.